ಸತ್ತವರು ಮೊದಲು ಬರುತ್ತಾರೆ

ಮೊದಲು ಬರುವುದು ವಾಸನೆ. ಹಳೇ ಬಾವಿಯ ಪಾಚಿ, ತೇವ ಹಿಡಿದ ಕಲ್ಲು, ಈಜುಕೊಳಕ್ಕೆ ಹಾಕುವ ಔಷಧಿ, ಇವೆಲ್ಲ ಸೇರಿದರೆ ಹೇಗಿರಬಹುದೋ ಹಾಗೆ. ಹೊರಗೆ ಕ್ಯಾಲಿಫೋರ್ನಿಯಾದ ಹನ್ನೊಂದು ಗಂಟೆಯ ಬಿಸಿಲು ಸುಡುತ್ತಿರುತ್ತದೆ. ಒಳಗೆ ಹೋಗಿ ದೋಣಿ ಹತ್ತಿದರೆ ರಾತ್ರಿ. ಮಿಂಚುಹುಳಗಳು ಹಾರುತ್ತಿರುತ್ತವೆ. ಜೀರುಂಡೆ ಕೂಗುತ್ತಿರುತ್ತದೆ. ದಡದ ಗುಡಿಸಲಿನ ಜಗಲಿಯಲ್ಲಿ ಒಬ್ಬ ಮುದುಕ ತೂಗುಕುರ್ಚಿಯಲ್ಲಿ ಕೂತು ಸುಮ್ನೆ ತೂಗುತ್ತಿರುತ್ತಾನೆ. ಎಲ್ಲಿಂದಲೋ ಬ್ಯಾಂಜೋ ಕೇಳಿಸುತ್ತದೆ.

ಇದು ಅನಾಹೈಮಿನ ಡಿಸ್ನಿಲ್ಯಾಂಡ್‌ನಲ್ಲಿರುವ ‘ಪೈರೇಟ್ಸ್ ಆಫ್ ದಿ ಕೆರಿಬಿಯನ್’ ರೈಡ್. ಜಾನಿ ಡೆಪ್ ಸಿನಿಮಾ ನೋಡಿದ ನನ್ನ ಎಷ್ಟೋ ಗೆಳತಿಯರು, ಸಿನಿಮಾ ಓಡಿದ ಮೇಲೆ ಅದರ ಹೆಸರಲ್ಲಿ ಈ ರೈಡ್ ಕಟ್ಟಿದರು ಅಂತಲೇ ತಿಳಿದಿದ್ದರು. ಆದದ್ದು ಉಲ್ಟಾ. ರೈಡ್ ಶುರುವಾದದ್ದು 1967ರ ಮಾರ್ಚ್ 18ರಂದು. ಮೊದಲ ಸಿನಿಮಾ ತೆರೆಗೆ ಬಂದದ್ದು 2003ರ ಜುಲೈಯಲ್ಲಿ. ನಡುವೆ 36 ವರ್ಷ. ಅಷ್ಟೂ ವರ್ಷ ಈ ದೋಣಿಗಳು ಸಿನಿಮಾದಲ್ಲಿ ಡೆಪ್ ಮಾಡಿದ ಜ್ಯಾಕ್ ಸ್ಪ್ಯಾರೋ ಅನ್ನುವವನ ಹೆಸರೇ ಕೇಳದೆ ಕತ್ತಲಲ್ಲಿ ಓಡಾಡುತ್ತಿದ್ದವು.

ನಾವು ಇರುವುದು ಇರ್ವೈನ್‌ನಲ್ಲಿ. ಅಲ್ಲಿಂದ ಅರ್ಧ ಗಂಟೆಯ ದಾರಿ. ಮಗಳು ಚಿಕ್ಕವಳಿದ್ದಾಗ ವರ್ಷದ ಪಾಸ್ ಇಟ್ಟುಕೊಂಡಿದ್ದೆವು, ಹಾಗಾಗಿ ಈ ದೋಣಿಯಲ್ಲಿ ಎಷ್ಟು ಸಲ ಕೂತಿದ್ದೇನೋ ಲೆಕ್ಕವಿಲ್ಲ. ಆದರೆ ಇದನ್ನು ನಿಜವಾಗಿ ನೋಡಿದ್ದು 2014ರಲ್ಲಿ, ಅಪ್ಪನ ಜೊತೆ.

ಅಪ್ಪ ಅಂಕೋಲೆಯವರು. ಬೇಲೆಕೇರಿ ಬಂದರಿನಲ್ಲಿ ಗುಮಾಸ್ತರಾಗಿ ಕೆಲಸ ಮಾಡಿದವರು. ದೋಣಿ ಅಂದರೆ ಅವರಿಗೆ ಆಟದ ಸಾಮಾನಲ್ಲ. ಕೂತ ತಕ್ಷಣ ಅಂಚಿನಿಂದ ಬಗ್ಗಿ ನೀರು ನೋಡಿದರು. ಹುಟ್ಟು ಇಲ್ಲ, ಮೋಟಾರಿನ ಸದ್ದಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ತಂಗಿ, ಇದನ್ನ ನೀರೇ ತಳ್ತಾ ಇದೆ” ಅಂದರು. ಹೌದು, ಇಲ್ಲಿ ಹರಿವೇ ದೋಣಿಯನ್ನು ಒಯ್ಯುತ್ತದೆ. ನಾನು ಅಷ್ಟು ಸಲ ಹೋಗಿಯೂ ಅದನ್ನು ಯೋಚಿಸಿಯೇ ಇರಲಿಲ್ಲ.

ಆಮೇಲೆ ಕಮಾನಿನ ಮೇಲಿರುವ ಬುರುಡೆ ಮಾತಾಡುತ್ತದೆ, ದೋಣಿ ಕತ್ತಲಿಗೆ ಬೀಳುತ್ತದೆ. ಒಂದು ಸಲ. ಸ್ವಲ್ಪ ದೂರ ಹೋಗಿ ಇನ್ನೊಂದು ಸಲ. ಅಪ್ಪ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ಈ ಬೀಳುವಿಕೆಗೆ ಒಂದು ಕಾರಣ ಇದೆ. ಡಿಸ್ನಿಲ್ಯಾಂಡ್ ಸುತ್ತ ಒಂದು ಮಣ್ಣಿನ ದಿಬ್ಬ ಇದೆ, ಅದರ ಮೇಲೆ ರೈಲು ಓಡುತ್ತದೆ. ದಿಬ್ಬದ ಒಳಗೆ ಇಷ್ಟು ದೊಡ್ಡ ರೈಡಿಗೆ ಜಾಗ ಇರಲಿಲ್ಲ. ಅದಕ್ಕೆ ಮುಖ್ಯ ಕಟ್ಟಡವನ್ನು ದಿಬ್ಬದ ಆಚೆ ಕಟ್ಟಿದರು. ಜನ ಹತ್ತುವುದು ಈಚೆ, ನೋಡಬೇಕಾದ್ದು ಆಚೆ. ನಡುವೆ ರೈಲು ಹಳಿ. ಹಾಗಾದರೆ ಹಳಿಯ ಕೆಳಗೆ ಹೋಗಲೇಬೇಕು. ನಮ್ಮ ಎದೆ ಧಸಕ್ಕೆನ್ನುವ ಆ ಕ್ಷಣ ಹುಟ್ಟಿದ್ದು ಜಾಗದ ಕೊರತೆಯಿಂದ. ಈ ವಿಷಯ ತಿಳಿದ ದಿನ ನನಗೆ ಬಹಳ ಖುಷಿಯಾಯಿತು. ಬೀಳುವಾಗ ಈಗಲೂ ತಲೆಯ ಮೇಲೆ ರೈಲು ಹೋಗುತ್ತಿರಬಹುದು ಅಂದುಕೊಳ್ಳುತ್ತೇನೆ.

ಬಿದ್ದ ಮೇಲೆ ಸಿಗುವುದು ಗುಹೆಗಳು, ಗುಹೆಗಳಲ್ಲಿ ಎಲುಬುಗೂಡುಗಳು. ಮರಳಿನ ಮೇಲೆ ಒಬ್ಬ, ಎದೆಗೆ ಕತ್ತಿ ನೆಟ್ಟಿದೆ. ಬಿರುಗಾಳಿಯಲ್ಲಿ ಹಡಗಿನ ಚಕ್ರ ಹಿಡಿದು ನಿಂತವನು ಇನ್ನೊಬ್ಬ, ಮಿಂಚು ಹೊಡೆದಾಗಷ್ಟೇ ಕಾಣುತ್ತಾನೆ. ಮತ್ತೊಂದು ಕಡೆ ಹೆಂಡದಂಗಡಿ. ಅಲ್ಲಿ ಒಂದು ಎಲುಬುಗೂಡು ಬಾಟಲಿ ಎತ್ತಿ ಕುಡಿಯುತ್ತಲೇ ಇದೆ. ಹೆಂಡ ಗಂಟಲಿಲ್ಲದ ಕತ್ತಿನಿಂದ ಇಳಿದು ಪಕ್ಕೆಲುಬುಗಳ ನಡುವೆ ಹರಿಯುವುದು ಕಾಣುತ್ತದೆ. ಮಲಗುವ ಕೋಣೆಯಲ್ಲಿ ಕಪ್ತಾನ ಮಂಚದ ಮೇಲೆ ಕೂತೇ ಸತ್ತಿದ್ದಾನೆ, ಮುಂದೆ ನಕ್ಷೆ ಹರಡಿಕೊಂಡಿದೆ. ಆಮೇಲೆ ಚಿನ್ನದ ರಾಶಿ, ಅದರ ಮೇಲೂ ಒಬ್ಬ ಸತ್ತವನು.

ಅಲ್ಲಿಂದ ಮುಂದೆ ದೋಣಿ ಒಂದು ಕತ್ತಲ ದಾರಿ ದಾಟುತ್ತದೆ. ದಾಟಿದರೆ ಎಲ್ಲರೂ ಬದುಕಿದ್ದಾರೆ! ಹಡಗು ಕೋಟೆಯ ಮೇಲೆ ತೋಪು ಹಾರಿಸುತ್ತಿದೆ, ಗುಂಡು ನಮ್ಮ ಪಕ್ಕದ ನೀರಿಗೇ ಬಿದ್ದು ಚಿಮ್ಮುತ್ತದೆ. ಊರಿನ ಯಜಮಾನನನ್ನು ಬಾವಿಗಿಳಿಸಿ ಮುಳುಗಿಸಿ ಎತ್ತುತ್ತಿದ್ದಾರೆ. ಊರಿಗೆ ಬೆಂಕಿ ಬಿದ್ದಿದೆ, ಬೆಂಕಿಯ ನಡುವೆ ಕುಡಿದು ಹಾಡುತ್ತಿದ್ದಾರೆ.

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು, “ಸತ್ತವರನ್ನ ಮೊದಲು ತೋರಿಸಿಬಿಟ್ರಲ್ಲ. ಅವರೇ ಆಮೇಲೆ ಕುಣೀತಾ ಬಂದ್ರು.”

ಈ ರೈಡಿನ ಬಗ್ಗೆ ನಾನು ಎಷ್ಟೋ ಓದಿದ್ದೇನೆ, ಎಷ್ಟೋ ವಿಡಿಯೋ ನೋಡಿದ್ದೇನೆ. ಅಪ್ಪನ ಆ ಎರಡು ಮಾತಿನಷ್ಟು ಸರಿಯಾಗಿ ಯಾವುದೂ ಇದನ್ನು ಹಿಡಿದಿಲ್ಲ. ಕಾಲ ಇಲ್ಲಿ ಹಿಂದಕ್ಕೆ ಹರಿಯುತ್ತದೆ. ಮುಗಿದುಹೋದ ಮೇಲಿಂದ ಶುರು. ಹಾಗಾಗಿ ಮುಂದೆ ಆ ಕಳ್ಳರು ನಗುತ್ತಾ ಬಂದಾಗ ನಮಗೆ ಅವರ ಕೊನೆ ಗೊತ್ತಿರುತ್ತದೆ. ದೋಚಿದ ಚಿನ್ನದ ಮೇಲೆ ಯಾರು ಬಿದ್ದಿರುತ್ತಾರೆ ಅನ್ನುವುದೂ ಗೊತ್ತಿರುತ್ತದೆ. ಯಾರೂ ಬುದ್ಧಿ ಹೇಳುವುದಿಲ್ಲ. ನೀರು ಸುಮ್ನೆ ಒಯ್ಯುತ್ತದೆ.

ಇದನ್ನು ಮಾಡಿದವರಿಗೆ ಮೊದಲು ದೋಣಿಯ ಯೋಚನೆಯೇ ಇರಲಿಲ್ಲ. ನೆಲದಡಿಯಲ್ಲಿ ಮೇಣದ ಗೊಂಬೆಗಳ ಒಂದು ಮ್ಯೂಸಿಯಂ, ಜನ ನಡೆದುಕೊಂಡು ನೋಡುವುದು, ಇಷ್ಟೇ ಇತ್ತು. ಅದಕ್ಕೆಂದು ನೆಲ ಅಗೆದು ಕಬ್ಬಿಣದ ಕಂಬಗಳನ್ನೂ ನಿಲ್ಲಿಸಿದ್ದರು. ಅಷ್ಟರಲ್ಲಿ 1964-65ರ ನ್ಯೂಯಾರ್ಕ್ ವಿಶ್ವ ಮೇಳದ ಕೆಲಸ ಬಂತು. ಅಲ್ಲಿಗೆ ಡಿಸ್ನಿಯವರು ನಾಲ್ಕು ಹೊಸ ಸಂಗತಿ ಮಾಡಿಕೊಟ್ಟರು, ಅದರಲ್ಲಿ ಎರಡು ಇಲ್ಲಿಗೆ ಮುಖ್ಯ. ಒಂದು, ಎದ್ದು ನಿಂತು ಭಾಷಣ ಮಾಡುವ ಅಬ್ರಹಾಂ ಲಿಂಕನ್ ಗೊಂಬೆ. ಇನ್ನೊಂದು, ಹಾಡುವ ಮಕ್ಕಳ ಗೊಂಬೆಗಳ ನಡುವೆ ಜನರನ್ನು ದೋಣಿಯಲ್ಲಿ ಕರೆದೊಯ್ಯುವ ರೈಡ್. ಎರಡನ್ನೂ ಜನ ಮುಗಿಬಿದ್ದು ನೋಡಿದರು. ವಾಪಸ್ ಬಂದವರು ಮೇಣದ ಗೊಂಬೆ ಬಿಟ್ಟರು. ಗೊಂಬೆ ಅಲುಗಾಡಲಿ, ಜನ ದೋಣಿಯಲ್ಲಿ ಹೋಗಲಿ ಅಂತ ತೀರ್ಮಾನವಾಯಿತು.

ಪಾತ್ರಗಳನ್ನು ಬಿಡಿಸಿದವರು ಮಾರ್ಕ್ ಡೇವಿಸ್. ಕಡಲ್ಗಳ್ಳರ ಬಗ್ಗೆ ಪುಸ್ತಕಗಳನ್ನು ಓದುತ್ತಾ ಹೋದಾಗ, ಯುದ್ಧದಲ್ಲಿ ಸತ್ತವರಿಗಿಂತ ಬಂದರುಗಳಲ್ಲಿ ಹತ್ತಿಸಿಕೊಂಡ ರೋಗದಿಂದ ಸತ್ತವರೇ ಜಾಸ್ತಿ ಅಂತ ಅವರಿಗೆ ಅನ್ನಿಸಿತಂತೆ. ಊರು, ಗುಹೆ, ಬೆಳಕು ಎಲ್ಲ ಕ್ಲಾಡ್ ಕೋಟ್ಸ್ ಅವರದ್ದು. ಮುಖಗಳನ್ನು ತಿದ್ದಿದ ಬ್ಲೇನ್ ಗಿಬ್ಸನ್, ಚರ್ಚಿನಲ್ಲಿ, ಹೋಟೆಲಿನಲ್ಲಿ ಸಿಕ್ಕವರ ಮುಖವನ್ನೆಲ್ಲ ದಿಟ್ಟಿಸಿ ನೋಡುತ್ತಿದ್ದರಂತೆ. ಬಟ್ಟೆ ಮಾರ್ಕ್ ಅವರ ಹೆಂಡತಿ ಆಲಿಸ್ ಡೇವಿಸ್ ಅವರದ್ದು. ನ್ಯೂಯಾರ್ಕ್ ಮೇಳದ ಆ ಮಕ್ಕಳ ಗೊಂಬೆಗಳಿಗೂ ಅವರೇ ಬಟ್ಟೆ ಮಾಡಿದ್ದರು. ಅದು ಮುಗಿದ ಮೇಲೆ ಕೊಳಕು ಮುದಿ ಕಳ್ಳರಿಗೆ ಹರಿದ ಅಂಗಿ ಹೊಲಿಯುವ ಕೆಲಸ.

ಮಾತು ಮತ್ತು ಹಾಡು ಎಕ್ಸ್ ಅಟೆನ್ಸಿಯೋ ಅವರದ್ದು. ಅನಿಮೇಷನ್ ಚಿತ್ರಗಾರ, ಆವರೆಗೆ ಸ್ಕ್ರಿಪ್ಟ್ ಬರೆದವರಲ್ಲ. ಇಲ್ಲಿ ಒಂದು ಹಾಡು ಇದ್ದರೆ ಚೆನ್ನಾಗಿರುತ್ತದೆ ಅಂತ ವಾಲ್ಟ್ ಡಿಸ್ನಿಗೆ ಹೇಳಿ ಒಂದೆರಡು ಸಾಲು ಒಪ್ಪಿಸಿದರು. ವಾಲ್ಟ್ ಬೇರೆ ಯಾರಿಗೋ ಬರೆಯಲು ಕೊಡುತ್ತಾರೆ ಅಂದುಕೊಂಡಿದ್ದರು. ನೀವೇ ಬರೆಯಿರಿ, ಜಾರ್ಜ್ ಬ್ರನ್ಸ್ ಅವರಿಂದ ರಾಗ ಹಾಕಿಸಿ ಅಂದರು ವಾಲ್ಟ್. ಆ ‘ಯೋ ಹೋ’ ಹಾಡು ಇವತ್ತಿಗೂ ಎಲ್ಲರ ಬಾಯಲ್ಲಿದೆ. ಕಮಾನಿನ ಬುರುಡೆಯ ದನಿಯೂ ಅಟೆನ್ಸಿಯೋ ಅವರದೇ.

ನನಗೆ ಬಹಳ ಇಷ್ಟವಾದ ಒಂದು ಘಟನೆ ಇದೆ. ರೈಡಿನಲ್ಲಿ ಕಳ್ಳರು ಊರಲ್ಲಿ ನಡೆಸುವ ಹರಾಜಿನ ದೃಶ್ಯವನ್ನು ಗ್ಲೆಂಡೇಲ್‌ನ ಗೋದಾಮಿನಲ್ಲಿ ಪೂರ್ತಿ ಜೋಡಿಸಿ ನಿಲ್ಲಿಸಿದ್ದರು. ಅಲ್ಲಿ ನೀರಿಲ್ಲ, ದೋಣಿಯಿಲ್ಲ. ಅದಕ್ಕೆ ಚಕ್ರದ ಗಾಡಿಯ ಮೇಲೆ ಕುರ್ಚಿ ಇಟ್ಟು, ವಾಲ್ಟ್ ಡಿಸ್ನಿಯನ್ನು ಕೂರಿಸಿ, ದೋಣಿಯ ವೇಗದಲ್ಲೇ ತಳ್ಳಿಕೊಂಡು ಹೋದರು. ಎಲ್ಲ ಗೊಂಬೆಗಳೂ ಒಟ್ಟಿಗೆ ಮಾತಾಡುತ್ತಿದ್ದವು, ಒಂದರ ಮಾತೂ ಪೂರ್ತಿ ಕೇಳುತ್ತಿರಲಿಲ್ಲ. ಅಟೆನ್ಸಿಯೋ ಸಂಕೋಚದಿಂದ ಕ್ಷಮೆ ಕೇಳಿದರು. ವಾಲ್ಟ್ ಹೇಳಿದ್ದು ಇಷ್ಟು: ಪಾರ್ಟಿಗೆ ಹೋದಾಗ ಇಲ್ಲೊಂದು ಮಾತು ಅಲ್ಲೊಂದು ಮಾತು ಕಿವಿಗೆ ಬೀಳುತ್ತದಲ್ಲ, ಇದೂ ಹಾಗೇ, ಇನ್ನೊಂದು ಸಲ ಬಂದವರಿಗೆ ಇನ್ನೊಂದು ಮಾತು ಸಿಗುತ್ತದೆ.

ರೈಡ್ ತೆರೆಯುವುದನ್ನು ಅವರು ನೋಡಲಿಲ್ಲ. 1966ರ ಡಿಸೆಂಬರ್ 15ರಂದು ತೀರಿಕೊಂಡರು. ಮೂರು ತಿಂಗಳ ಮೇಲೆ ಮೊದಲ ದೋಣಿ ಹೊರಟಿತು. ಅವರು ತಾವೇ ನಿಂತು ಮಾಡಿಸಿದ ಕೊನೆಯ ದೊಡ್ಡ ರೈಡ್ ಇದು.

ಅವರ ಆ ಮಾತು ಎಷ್ಟು ನಿಜ ಅನ್ನುವುದಕ್ಕೆ ನನ್ನ ಹತ್ತಿರ ಒಂದು ಕಾಲಿದೆ. ಉರಿಯುವ ಊರಿನಲ್ಲಿ ನಮ್ಮ ದೋಣಿ ಒಂದು ಸೇತುವೆಯ ಕೆಳಗೆ ಹೋಗುತ್ತದೆ. ಸೇತುವೆಯ ಮೇಲೆ ಒಬ್ಬ ಕಳ್ಳ ಕುಡಿದು ಕೂತಿದ್ದಾನೆ, ಒಂದು ಕಾಲು ಕೆಳಗೆ ಇಳಿಬಿಟ್ಟಿದ್ದಾನೆ. ಅದು ನಮ್ಮ ತಲೆಯ ಮೇಲೇ ತೂಗುತ್ತದೆ. ತಲೆ ಎತ್ತಿ ನೋಡಿದರೆ ಮೊಣಕಾಲಿನವರೆಗೆ ರೋಮ. ಬರಿಗಾಲು. ಅಂಗಾಲಿಗೆ ಕೆಸರು ಮೆತ್ತಿದೆ, ಒಣಗಿದ ಕೆಸರು. ನೋಡಲು ಸಿಗುವುದು ಮೂರೋ ನಾಲ್ಕೋ ಸೆಕೆಂಡು. ಅರ್ಧ ಜನ ತಲೆ ಎತ್ತುವುದೇ ಇಲ್ಲ. ಆದರೂ ಯಾರೋ ಒಬ್ಬರು ಕೂತು ಆ ಕಾಲಿಗೆ ಒಂದೊಂದೇ ಕೂದಲು ನೆಟ್ಟಿದ್ದಾರೆ, ಅಂಗಾಲಿಗೆ ಕೆಸರು ಬಳಿದಿದ್ದಾರೆ. ಕೆಲಸ ಅಂದರೆ ಹೀಗೆ ಮಾಡಬೇಕು ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಬೆಂಕಿಯದ್ದೂ ಹಾಗೇ. ಯೇಲ್ ಗ್ರೇಸಿ ಅನ್ನುವವರು ಮಾಡಿದ ಸುಳ್ಳು ಬೆಂಕಿ ಅದು. ಅಗ್ನಿಶಾಮಕ ದಳದ ಮುಖ್ಯಸ್ಥರು ನೋಡಿ, ನಿಜವಾದ ಬೆಂಕಿ ಬಿದ್ದರೆ ನಮ್ಮವರಿಗೆ ಗೊತ್ತಾಗುವುದು ಹೇಗೆ ಅಂತ ಚಿಂತೆ ಮಾಡಿದರಂತೆ.

ಫ್ಲೋರಿಡಾದ ಪಾರ್ಕ್ 1971ರಲ್ಲಿ ತೆರೆದಾಗ ಇದನ್ನು ಅಲ್ಲಿ ಕಟ್ಟಲಿಲ್ಲ. ಕೆರಿಬಿಯನ್ ಅಲ್ಲಿಂದ ಹತ್ತಿರವೇ ಇದೆಯಲ್ಲ, ಅಲ್ಲಿನವರಿಗೆ ಇದರಲ್ಲಿ ಹೊಸತೇನಿದೆ ಅಂದುಕೊಂಡರು. ಬಂದ ಜನ ಇದು ಎಲ್ಲಿ ಅಂತ ಕೇಳಿ ಕೇಳಿ, 1973ರ ಡಿಸೆಂಬರ್‌ನಲ್ಲಿ ಅಲ್ಲೂ ಶುರುವಾಯಿತು. 1983ರಲ್ಲಿ ಟೋಕಿಯೋ, 1992ರಲ್ಲಿ ಪ್ಯಾರಿಸ್.

ಇನ್ನು ಸಿನಿಮಾ.

ಇಲ್ಲಿ ಒಂದು ತೊಡಕಿತ್ತು. ರೈಡಿಗೆ ಕತೆಯೇ ಇಲ್ಲ. ನಾಯಕ ಇಲ್ಲ, ಒಬ್ಬರಿಗೂ ನೆನಪಿಡುವ ಹೆಸರಿಲ್ಲ. ಮೇಲಾಗಿ ಕಡಲ್ಗಳ್ಳರ ಸಿನಿಮಾ ಅಂದರೆ ಹಾಲಿವುಡ್ ಹೆದರುತ್ತಿದ್ದ ಕಾಲ, 1995ರಲ್ಲಿ ಅಂಥದ್ದೊಂದು ದೊಡ್ಡ ಸಿನಿಮಾ ಭಾರಿ ನಷ್ಟ ಮಾಡಿತ್ತು. ಪಾರ್ಕಿನ ಇನ್ನೊಂದು ಆಕರ್ಷಣೆಯಿಂದ ಮಾಡಿದ ಸಿನಿಮಾ 2002ರಲ್ಲಿ ಓಡಲಿಲ್ಲ. ಮೊದಲು ಬರೆದ ಸ್ಕ್ರಿಪ್ಟ್‌ನಲ್ಲಿ ಮಾಮೂಲಿ ಕಡಲ್ಗಳ್ಳರಷ್ಟೇ ಇದ್ದರು, ಶಾಪ ಗೀಪ ಏನೂ ಇರಲಿಲ್ಲ. 2002ರಲ್ಲಿ ಟೆಡ್ ಎಲಿಯಟ್ ಮತ್ತು ಟೆರ್ರಿ ರೊಸಿಯೊ ಬಂದು ಶಾಪವನ್ನು ತಂದರು. 882 ಚಿನ್ನದ ಬಿಲ್ಲೆಗಳು. ಅದನ್ನು ಕದ್ದವರು ಸಾಯುವುದಿಲ್ಲ, ಬದುಕುವುದೂ ಇಲ್ಲ. ಹಗಲಲ್ಲಿ ಮನುಷ್ಯರು. ಬೆಳದಿಂಗಳು ಬಿದ್ದರೆ ಎಲುಬುಗೂಡು.

ಈ ಶಾಪ ಬರಿಯ ಹೆದರಿಸುವ ತಂತ್ರ ಅಂತ ಮೊದಲು ನಾನೂ ಅಂದುಕೊಂಡಿದ್ದೆ. ಅಪ್ಪ ಆ ಮಾತು ಹೇಳಿದ ಮೇಲೆ ಮನೆಗೆ ಬಂದು ಸಿನಿಮಾವನ್ನು ಮತ್ತೆ ಹಾಕಿಕೊಂಡು ನೋಡಿದೆ. ರೈಡಿನಲ್ಲಿ ಎರಡು ಭಾಗ ಇವೆ, ಮೊದಲು ಸತ್ತವರು, ಆಮೇಲೆ ಅವರೇ ಬದುಕಿದ್ದಾಗ. ಸಿನಿಮಾದವರು ಆ ಎರಡನ್ನೂ ಒಂದೇ ಮೈಯಲ್ಲಿ ಸೇರಿಸಿಬಿಟ್ಟಿದ್ದಾರೆ! ನಡುವಿನ ಆ ಕತ್ತಲ ದಾರಿ ಇಲ್ಲಿ ಚಂದ್ರನ ಬೆಳಕಾಗಿದೆ. ಶಾಪ ತಗುಲಿದ ಕಳ್ಳರ ಕಪ್ತಾನ ಬಾರ್ಬೋಸಾ ಬೆಳದಿಂಗಳಲ್ಲಿ ನಿಂತು ಬಾಟಲಿಯ ಬಿರಡೆ ತೆಗೆದು ಕುಡಿಯುತ್ತಾನೆ. ವೈನ್ ಪಕ್ಕೆಲುಬುಗಳ ಮೇಲೆ ಹರಿದು ಇಳಿಯುತ್ತದೆ. ಅದು 1967ರ ಹೆಂಡದಂಗಡಿಯ ಎಲುಬುಗೂಡು. ಅವನು ಕೊನೆಗೆ ಸಾಯುವಾಗ, ಇಷ್ಟು ವರ್ಷದ ಮೇಲೆ ಅವನಿಗೆ ಏನಾದರೂ ಅನ್ನಿಸುತ್ತದೆ. ಚಳಿ ಅನ್ನಿಸುತ್ತದೆ. ಕೈಯಿಂದ ಸೇಬು ಉರುಳುತ್ತದೆ. ಆ ಸೇಬಿನ ರುಚಿ ನೋಡಲು ಅವನು ಎಷ್ಟು ಆಸೆಪಟ್ಟಿದ್ದ, ಅಲ್ವಾ?

ಸಿನಿಮಾ ಶುರುವಾಗುವುದೂ ಮಂಜಿನಲ್ಲಿ. ಹಡಗಿನ ತುದಿಯಲ್ಲಿ ನಿಂತ ಪುಟ್ಟ ಹುಡುಗಿ ಹಾಡುವುದು ಅಟೆನ್ಸಿಯೋ ಬರೆದ ಅದೇ ಹಾಡು. ನಿರ್ದೇಶಕ ಗೋರ್ ವರ್ಬಿನ್ಸ್ಕಿ ರೈಡನ್ನು ಗೌರವದಿಂದ ನೋಡಿದ್ದಾರೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಜಾನಿ ಡೆಪ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ಹಾಗಾಗಿ ಜಾಸ್ತಿ ಹೇಳುವುದಿಲ್ಲ. ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಅವರ ಓಲಾಟವನ್ನು ತಂದರು, ಬಾಯಿಗೆ ಚಿನ್ನದ ಹಲ್ಲು ಹಾಕಿಸಿಕೊಂಡರು. ಸ್ಟುಡಿಯೋದ ದೊಡ್ಡವರು ಗಾಬರಿಯಾದರು. ಕೊನೆಗೆ ಅದೇ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. 2007ರ ಮೂರನೇ ಚಿತ್ರದಲ್ಲಿ ಕೀತ್ ರಿಚರ್ಡ್ಸ್ ಅವರೇ ಜ್ಯಾಕ್‌ನ ಅಪ್ಪನಾಗಿ ಬಂದರು.

2006, 2007, 2011, 2017ರಲ್ಲಿ ಮತ್ತೆ ನಾಲ್ಕು ಚಿತ್ರ ಬಂದವು. ಐದೂ ಸೇರಿ ಗಳಿಸಿದ್ದು 450 ಕೋಟಿ ಡಾಲರಿಗೂ ಹೆಚ್ಚು. ಎರಡನೆಯದರಲ್ಲಿ ಬಿಲ್ ನೈ ಮಾಡಿದ ಡೇವಿ ಜೋನ್ಸ್, ಆ ಆಕ್ಟೋಪಸ್ ಗಡ್ಡದವನು, ಇವತ್ತು ನೋಡಿದರೂ ಬೆರಗಾಗುತ್ತದೆ. ಅದಕ್ಕೆ ವಿಷುವಲ್ ಎಫೆಕ್ಟ್ಸ್ ಆಸ್ಕರ್ ಬಂದದ್ದು ನ್ಯಾಯ. ಆದರೆ ಆ ಚಿತ್ರದಲ್ಲೇ ಒಂದು ನೋವೂ ಇದೆ. ಅದರ ಒಂದು ಭಾಗವನ್ನು ಡೊಮಿನಿಕಾ ದ್ವೀಪದಲ್ಲಿ ತೆಗೆದರು, ದ್ವೀಪವಾಸಿಗಳನ್ನು ನರಭಕ್ಷಕರಾಗಿ ತೋರಿಸಿದರು. ಅಲ್ಲಿನ ಮೂಲನಿವಾಸಿ ಕಲಿನಾಗೋ ಜನರ ಮುಖ್ಯಸ್ಥರು ಇದನ್ನು ವಿರೋಧಿಸಿದ್ದರು. ಕೆರಿಬಿಯನ್ ಅನ್ನುವ ಹೆಸರು ಬಂದದ್ದೇ ಆ ಜನರಿಂದ. ಹೆಸರು ಅವರದ್ದು, ಅವಮಾನವೂ ಅವರಿಗೇ.

ಆಮೇಲಿನ ಚಿತ್ರಗಳಲ್ಲಿ ನನಗೆ ಬೇಸರ ತರುವುದು ವಿವರಣೆ. ಜ್ಯಾಕ್‌ಗೆ ಟೋಪಿ ಎಲ್ಲಿಂದ ಬಂತು, ದಿಕ್ಸೂಚಿ ಯಾರು ಕೊಟ್ಟರು, ಎಲ್ಲದಕ್ಕೂ ಉತ್ತರ. ರೈಡಿನಲ್ಲಿ ಮಂಚದ ಮೇಲೆ ಸತ್ತ ಕಪ್ತಾನ ಯಾರು ಅಂತ ಯಾರೂ ಹೇಳಿಲ್ಲ. ಅದಕ್ಕೇ ಅವನು ನನ್ನ ತಲೆಯಲ್ಲಿ ಉಳಿದಿದ್ದಾನೆ.

ಆದರೂ ಮೂರನೇ ಚಿತ್ರದಲ್ಲಿ ನಾನು ಪೂರ್ತಿ ಎದ್ದು ಕೂತ ಒಂದು ಜಾಗ ಇದೆ. ಕಡಲ್ಗಳ್ಳರ ಒಂಬತ್ತು ದೊರೆಗಳು ಸಭೆ ಸೇರುತ್ತಾರೆ. ಅದರಲ್ಲಿ ಹಿಂದೂ ಮಹಾಸಾಗರದವನ ಹೆಸರು ಶ್ರೀ ಸಂಭಾಜಿ ಆಂಗ್ರೆ. ಈ ಹೆಸರು ಸುಮ್ನೆ ಹುಟ್ಟಿದ್ದಲ್ಲ. ಕಾನ್ಹೋಜಿ ಆಂಗ್ರೆ ಮರಾಠರ ನೌಕಾಪಡೆಯ ಸರಖೇಲ್ ಆಗಿದ್ದವರು, 1729ರಲ್ಲಿ ತೀರಿಕೊಂಡವರು. ಅವರ ಮಕ್ಕಳಲ್ಲಿ ಒಬ್ಬರು ಸಂಭಾಜಿ. ನಮ್ಮವರಿಗೆ ನೌಕಾ ಸೇನಾಪತಿಗಳಾಗಿದ್ದವರು ಇಂಗ್ಲಿಷರ ಕಾಗದಪತ್ರಗಳಲ್ಲಿ ಕಡಲ್ಗಳ್ಳರು. ಸಿನಿಮಾ ಇಂಗ್ಲಿಷರ ಕಾಗದವನ್ನೇ ನಂಬಿತು.

ಸಿನಿಮಾದ ದೊಡ್ಡ ಖಳ ಈಸ್ಟ್ ಇಂಡಿಯಾ ಕಂಪನಿಯ ಮನುಷ್ಯ, ಕೆರಿಬಿಯನ್ ಕಡಲಲ್ಲಿ ಹಡಗುಗಳ ಹಿಂಡು ಕಟ್ಟಿಕೊಂಡು ಕಳ್ಳರನ್ನು ಬೇಟೆಯಾಡುತ್ತಾನೆ. ನಿಜವಾದ ಕಂಪನಿಯ ವ್ಯಾಪಾರ ಇದ್ದದ್ದು ನಮ್ಮ ಕಡೆ. ಕಳ್ಳರಿಂದ ಅದಕ್ಕೆ ತಲೆನೋವು ಬಂದದ್ದೂ ನಮ್ಮ ಕಡಲಲ್ಲೇ. 1695ರಲ್ಲಿ ಹೆನ್ರಿ ಎವರಿ ಅನ್ನುವ ಇಂಗ್ಲಿಷ್ ಕಡಲ್ಗಳ್ಳ ಔರಂಗಜೇಬನ ಹಡಗು ಗಂಜ್-ಇ-ಸವಾಯಿಯನ್ನು ದೋಚಿದ. ಇಂಗ್ಲಿಷರೆಲ್ಲ ಕಳ್ಳರೇ ಅಂತ ಮೊಗಲರು ಸೂರತ್ತಿನಲ್ಲಿದ್ದ ಕಂಪನಿಯವರನ್ನು ಹಿಡಿದು ಹಾಕಿದರು. ಆ ಹೊತ್ತಿಗೆ ಕಳ್ಳರನ್ನು ಹಿಡಿಯಲು ಇಂಗ್ಲೆಂಡಿನ ರಾಜನಿಂದ ಪರವಾನಗಿ ಪಡೆದು ಹೊರಟವನು ವಿಲಿಯಂ ಕಿಡ್. 34 ತೋಪುಗಳ ಅಡ್ವೆಂಚರ್ ಗ್ಯಾಲಿ ಅವನ ಹಡಗು. ಹಿಡಿಯಲು ಬಂದವನು ತಾನೇ ಆ ದಾರಿ ಹಿಡಿದ.

1697ರ ಸೆಪ್ಟೆಂಬರ್‌ನಲ್ಲಿ ಕಿಡ್ ಸೌದೆ, ನೀರು ತುಂಬಿಸಿಕೊಳ್ಳಲು ಬಂದು ಲಂಗರು ಹಾಕಿದ್ದು ಎಲ್ಲಿ ಗೊತ್ತಾ? ಕಾರವಾರದಲ್ಲಿ.

ಅಲ್ಲಿ ಕಂಪನಿಯ ವ್ಯಾಪಾರದ ಕೋಠಿ ಇತ್ತು. ಕಿಡ್‌ನ ಹಡಗಿನ ಕೆಲವರು ಅಲ್ಲೇ ಓಡಿಹೋದರು, ಇವನು ಕಳ್ಳನಾಗಿದ್ದಾನೆ ಅಂತ ಕೋಠಿಯವರಿಗೆ ಹೇಳಿದರು. ಮುಂದಿನ ಜನವರಿಯಲ್ಲಿ ಅವನು ಮಲಬಾರ್ ಕರಾವಳಿಯ ಹತ್ತಿರ ಕ್ವೆಡಾ ಮರ್ಚೆಂಟ್ ಅನ್ನುವ ಸರಕು ಹಡಗನ್ನು ಹಿಡಿದ. ಅದೇ ಅವನ ಕುತ್ತಿಗೆಗೆ ಬಂತು. 1701ರ ಮೇ 23ರಂದು ಲಂಡನ್‌ನಲ್ಲಿ ಗಲ್ಲಿಗೇರಿಸಿದರು. ಮೊದಲ ಸಲ ಹಗ್ಗ ಹರಿಯಿತು, ಮತ್ತೆ ಏರಿಸಿದರು. ಆಮೇಲೆ ಹೆಣವನ್ನು ಕಬ್ಬಿಣದ ಪಟ್ಟಿಗಳಲ್ಲಿ ಬಿಗಿದು ಥೇಮ್ಸ್ ನದಿಯ ದಡದಲ್ಲಿ ನೇತುಹಾಕಿದರು, ಹೋಗಿ ಬರುವ ನಾವಿಕರೆಲ್ಲ ನೋಡಲಿ ಅಂತ.

ಮೊದಲ ಸಿನಿಮಾದಲ್ಲಿ ಜ್ಯಾಕ್ ಸ್ಪ್ಯಾರೋ ಮುಳುಗುತ್ತಿರುವ ಪುಟ್ಟ ದೋಣಿಯಲ್ಲಿ ಪೋರ್ಟ್ ರಾಯಲ್‌ಗೆ ಬರುವುದು ನೆನಪಿದೆಯಾ? ಬಂದರಿನ ಬಾಯಲ್ಲಿ ಕಡಲ್ಗಳ್ಳರ ಎಲುಬುಗೂಡುಗಳು ತೂಗುತ್ತಿರುತ್ತವೆ. ಅವನು ಟೋಪಿ ತೆಗೆದು ಎದೆಗೆ ಹಿಡಿಯುತ್ತಾನೆ. ಅಲ್ಲೂ ಸತ್ತವರೇ ಮೊದಲು. ಕಿಡ್‌ನ ಕತೆ ಹೇಳಿದಾಗ ಅಪ್ಪ ಕೇಳಿದ್ದು ಒಂದೇ: “ಕಾರವಾರದ ನೀರು ಕುಡಿದು ಹೋದವನಾ?”

ಹರಾಜಿನ ದೃಶ್ಯದ ಬಗ್ಗೆ ಹೇಳದೆ ಇರಲಾಗದು. 2014ರಲ್ಲಿ ಅಪ್ಪ ನೋಡಿದ್ದು ಹಳೆಯದು. ಊರಿನ ಹೆಂಗಸರನ್ನು ಹಗ್ಗದಲ್ಲಿ ಕಟ್ಟಿ ಸಾಲಾಗಿ ನಿಲ್ಲಿಸಿದ್ದರು. ಕೆಂಪು ಕೂದಲಿನವಳು ಬೇಕು ಅಂತ ಕುಡುಕರು ಕೂಗುತ್ತಿದ್ದರು. ದೋಣಿಯಲ್ಲಿದ್ದವರೂ ಜೊತೆಗೆ ಕೂಗಿ ನಗುತ್ತಿದ್ದರು. ಅಪ್ಪ ನನ್ನ ಕಡೆ ತಿರುಗಿ ಮೆಲ್ಲಗೆ, “ಹೆಣ್ಣುಮಕ್ಕಳನ್ನ ಮಾರ್ತಾ ಇದ್ದಾರಾ?” ಅಂದರು. ಮಗಳಿಗೆ ಆಗ ಆರು ವರ್ಷ, ನಮ್ಮಿಬ್ಬರ ನಡುವೆ ಕೂತಿದ್ದಳು. ಹೌದು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

2018ರಲ್ಲಿ ಅದನ್ನು ಬದಲಾಯಿಸಿದರು. ಈಗ ಹರಾಜಿಗಿರುವುದು ದೋಚಿದ ಮಾಲು. ಕೆಂಪು ಕೂದಲಿನವಳು ಬಂದೂಕು ಹಿಡಿದ ಕಡಲ್ಗಳ್ಳಿ, ಹೆಸರು ರೆಡ್. ಹಳೆಯದನ್ನು ಮುಟ್ಟಬಾರದಿತ್ತು ಅಂತ ಬಹಳ ಜನ ಸಿಟ್ಟಾದರು. ಮಾರ್ಕ್ ಡೇವಿಸ್ ಕೈಯ ಕೆಲಸದ ಮೇಲೆ ನನಗೂ ಪ್ರೀತಿ ಇದೆ. ಆದರೂ ಬದಲಾಯಿಸಿದ್ದು ಸರಿ ಅಂತಲೇ ನನ್ನ ಮಾತು. ಆ ಕಾಲದ ಕೆರಿಬಿಯನ್‌ನಲ್ಲಿ ಹರಾಜು ಕಟ್ಟೆಗಳು ನಿಜಕ್ಕೂ ಇದ್ದವು. ಅಲ್ಲಿ ಮಾರಿದ್ದು ಆಫ್ರಿಕಾದಿಂದ ಹಿಡಿದು ತಂದ ಜನರನ್ನು. ಕಡಲ್ಗಳ್ಳ ಬ್ಲ್ಯಾಕ್‌ಬಿಯರ್ಡ್‌ನ ಹೆಸರುವಾಸಿ ಹಡಗು ಕ್ವೀನ್ ಆನ್ಸ್ ರಿವೆಂಜ್ ಮೊದಲು ಲಾ ಕಾಂಕಾರ್ಡ್ ಅನ್ನುವ ಫ್ರೆಂಚ್ ಗುಲಾಮರ ಹಡಗಾಗಿತ್ತು, 1717ರಲ್ಲಿ ಅವನು ಅದನ್ನು ಹಿಡಿದಾಗ ಅದರ ತುಂಬ ಆಫ್ರಿಕಾದ ಜನರಿದ್ದರು. 2011ರ ಸಿನಿಮಾದಲ್ಲಿ ಆ ಹಡಗು ಬರುತ್ತದೆ, ಆ ಜನ ಬರುವುದಿಲ್ಲ. ಮೂರನೇ ಚಿತ್ರಕ್ಕೆ ತೆಗೆದ ಒಂದು ದೃಶ್ಯದಲ್ಲಿ ಜ್ಯಾಕ್, ಮನುಷ್ಯರು ಸರಕಲ್ಲ ಅಂತ ಹೇಳುತ್ತಾನೆ. ಅವನು ಕಂಪನಿ ಬಿಟ್ಟು ಕಳ್ಳನಾದದ್ದೇ ಆ ಕಾರಣಕ್ಕೆ. ಆ ದೃಶ್ಯವನ್ನು ಸಿನಿಮಾದಿಂದ ಕತ್ತರಿಸಿದರು. ಇಷ್ಟು ಉದ್ದದ ಚಿತ್ರಗಳಲ್ಲಿ ಉಳಿಯಲೇಬೇಕಾಗಿದ್ದ ಎರಡು ನಿಮಿಷ ಅದು.

2006ರಲ್ಲಿ ಜ್ಯಾಕ್‌ನ ಗೊಂಬೆಗಳನ್ನೂ ರೈಡಿಗೆ ತಂದು ಕೂರಿಸಿದ್ದಾರೆ. ಮಕ್ಕಳು ಅವನನ್ನು ಹುಡುಕುತ್ತಾ ಕೂಗುತ್ತಾರೆ, ಅದೊಂದು ಆಟವಾಗಿದೆ. ಮಗಳಿಗೂ ಅದೇ ಇಷ್ಟ. ನನಗೆ ಮಾತ್ರ, ಹೆಸರಿಲ್ಲದವರ ಊರಿಗೆ ಒಬ್ಬ ಹೆಸರಿರುವವನು ಬಂದ ಮೇಲೆ ಉಳಿದವರು ಸ್ವಲ್ಪ ಮಂಕಾದರು ಅನ್ನಿಸುತ್ತದೆ. 2016ರಲ್ಲಿ ತೆರೆದ ಶಾಂಘೈ ಪಾರ್ಕಿನಲ್ಲಿ ರೈಡ್ ಪೂರ್ತಿ ಸಿನಿಮಾದ್ದೇ. ಅಲ್ಲಿ ಆಯಸ್ಕಾಂತದ ಬಲದಿಂದ ಓಡುವ ದೋಣಿ ಅಡ್ಡಡ್ಡ ತಿರುಗುತ್ತದೆ, ಹಿಂದಕ್ಕೂ ಹೋಗುತ್ತದಂತೆ. ಒಂದು ದಿನ ನೋಡಬೇಕು.

ಅಪ್ಪ ಮತ್ತೆ ಬಂದದ್ದು 2019ರಲ್ಲಿ. ಮೊಣಕಾಲು ನೋವು, ದೋಣಿಗೆ ಇಳಿಯಲು ಇಬ್ಬರು ಹಿಡಿದುಕೊಳ್ಳಬೇಕಾಯಿತು. ಹರಾಜಿನ ಹತ್ತಿರ ಬಂದಾಗ ರೆಡ್‌ಳನ್ನು ನೋಡಿ, “ಓ, ಈ ಸಲ ಬಂದೂಕು ಇವಳ ಕೈಯಲ್ಲಿ” ಅಂದರು. ಸೇತುವೆಯ ಕೆಳಗೆ ಮಗಳು ಅಜ್ಜನ ತಲೆ ಹಿಡಿದು ಮೇಲಕ್ಕೆತ್ತಿ ಕಾಲು ತೋರಿಸಿದಳು.

ಕೊನೆಗೆ ಜೈಲು ಬರುತ್ತದೆ. ಊರು ಉರಿಯುತ್ತಿದೆ, ಕಳ್ಳರು ಕಂಬಿಯ ಹಿಂದೆ ಸಿಕ್ಕಿಕೊಂಡಿದ್ದಾರೆ. ಹೊರಗೆ ಒಂದು ನಾಯಿ, ಬಾಯಲ್ಲಿ ಕೀ ಗೊಂಚಲು. ಒಬ್ಬ ಎಲುಬು ತೋರಿಸುತ್ತಾನೆ, ಇನ್ನೊಬ್ಬ ಹಗ್ಗದ ಕುಣಿಕೆ ಹಿಡಿದು ಕಾಯುತ್ತಾನೆ. ನಾಯಿ ಬರುವುದಿಲ್ಲ. ಸಿನಿಮಾದಲ್ಲೂ ಇದೇ ಜೈಲು, ಇದೇ ನಾಯಿ. ಎಷ್ಟು ಕರೆದರೂ ಅದು ಅಲುಗುವುದಿಲ್ಲ ಅಂತ ಜ್ಯಾಕ್ ಪಕ್ಕದ ಕೋಣೆಯವರಿಗೆ ಹೇಳುತ್ತಾನೆ. ಅವನಿಗೆ ಹೇಗೆ ಗೊತ್ತಿಲ್ಲದೇ ಇರುತ್ತದೆ? ಆ ನಾಯಿ 1967ರಿಂದ ಅಲ್ಲೇ ಕೂತಿದೆ.

ಮೊದಲ ಸಲ ಬಂದಾಗ ಅಪ್ಪ ಆ ನಾಯಿಯನ್ನು ಕತ್ತು ತಿರುಗಿಸಿ ತಿರುಗಿಸಿ ನೋಡಿದ್ದರು. ಈ ಸಲವೂ ದೋಣಿ ಹತ್ತಿರ ಹೋಗುವ ಮೊದಲೇ ಹುಡುಕಿದರು. ಕಂಡಿತು.

“ಐದು ವರ್ಷ ಆಯ್ತು,” ಅಂದರು. “ಇನ್ನೂ ಕೊಟ್ಟಿಲ್ಲ ನೋಡು.”

ದೋಣಿಯ ಅಡಿಯಲ್ಲಿ ಕಟಕಟ ಅಂತ ಏನೋ ಹಿಡಿದುಕೊಂಡಿತು. ನಾವು ಮೇಲಕ್ಕೆ ಏರತೊಡಗಿದೆವು.